ಬಾಸೆಲ್ ಮಿಶನ್ನಿನವರ ಗ್ರಾಮಸೇವೆಯೂ ವೃತ್ತಿಯ ಪ್ರಶ್ನೆಯೂ

ಪರದೇಶದಿಂದ ಬಂದು ಕನ್ನಡ ನಾಡಿನಲ್ಲಿ ನೆಲಸಿದ ಕ್ರೈಸ್ತಧರ್ಮಪ್ರಚಾರಕರನ್ನು ಕುರಿತು ಕನ್ನಡದಲ್ಲಿ ಹುಟ್ಟಿರುವ ಬರೆವಣಿಗೆಯು ಬಹುಮಟ್ಟಿಗೆ ಅವರ ಭಾಷಾಸೇವೆಗೆ ಸಂಬಂಧಿಸಿದುದಾಗಿದೆ. ಕಿಟ್ಟೆಲರ ನಿಘಂಟು, ಮೋಗ್ಲಿಂಗರು ಅಚ್ಚುಹಾಕಿಸಿದ ಪ್ರಾಚೀನ ಕಾವ್ಯಗಳು, 'ಮಂಗಳೂರ ಸಮಾಚಾರ' ಪತ್ರಿಕೆ, ಇವುಗಳ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಯು ವಿರಳನು. ಆದರೆ ಈ ವಿದ್ವಾಂಸರನ್ನು ಕಳುಹಿಸಿದ ಬಾಸೆಲ್ ಪಟ್ಟಣದ ಸಂಘವು ಅವರನ್ನು ನಿಘಂಟು ಬರೆಯುವುದಕ್ಕಾಗಿ ಕಳುಹಿಸಿದುದಲ್ಲ. ಹಳ್ಳಿಹಳ್ಳಿಗೆ ಹೋಗಿ ತಮ್ಮ ಮತದ ಸುವಾರ್ತೆಯನ್ನು ಸಾರಬೇಕು, ಅದನ್ನು ಅಂಗೀಕರಿಸಿದವರ ಸಭೆಗಳನ್ನು ಕಟ್ಟಬೇಕು ಎಂಬುದೇ ಅವರಿಗೆ ವಿಧಿಸಲ್ಪಟ್ಟ ಕಾರ್ಯವಾಗಿದ್ದಿತು. ಈ ಕಾರ್ಯದಲ್ಲಿ ತೊಡಗಿದ ಕೆಲವು ವರ್ಷಗಳಲ್ಲಿಯೇ ಅವರಿಗೆ ಯಾವ ಶಾಸ್ತ್ರದಲ್ಲಿಯೂ ಓದಿರದಿದ್ದ ಒಂದು ತೊಡಕು ಎದುರಾಯಿತು. ಗ್ರಾಮಸ್ಥನು ಮತವನ್ನು ಬಿಟ್ಟ ದಿನವೇ ವೃತ್ತಿಯನ್ನೂ ಕಳೆದುಕೊಳ್ಳುತ್ತಿದ್ದನು. ನಮ್ಮ ಧರ್ಮಶಾಸ್ತ್ರಕಾರರು ವೃತ್ತಿಚ್ಛೇದವೆಂದು ಯಾವುದನ್ನು ಮಹಾಪರಾಧಗಳಲ್ಲಿ ಎಣಿಸಿರುವರೋ ಅದು ಇಲ್ಲಿ ಯಾವ ರಾಜನ ಆಜ್ಞೆಯೂ ಇಲ್ಲದೆ ತಾನೇ ತಾನಾಗಿ ನಡೆದುಹೋಗುತ್ತಿತ್ತು. ಮಗ್ಗ, ಹಂಚು, ಮುದ್ರಣಾಲಯ, ಕಾಫಿಯ ತೋಟ ಮುಂತಾಗಿ ಈ ಮಿಶನ್ನಿನವರು ಕೈಕೊಂಡ ಲೌಕಿಕ ಕಾರ್ಯಗಳೆಲ್ಲವೂ ಬಹುಪಾಲು ಈ ಒಂದು ತೊಡಕಿನಿಂದ ಹುಟ್ಟಿದವುಗಳು. ಗ್ರಾಮಕ್ಕೆಂದು ಬಂದ ಸೇವೆಯು ಗ್ರಾಮಸ್ಥನನ್ನು ಗ್ರಾಮದಿಂದ ಹೊರಕ್ಕೆ ಕರೆತಂದ ಬಗೆಯನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಬಾಸೆಲ್ ಪಟ್ಟಣವು ಸ್ವಿಟ್ಜರ್ಲೆಂಡಿನಲ್ಲಿ ರೈನ್ ನದಿಯ ತೀರದಲ್ಲಿರುವುದು. ಅಲ್ಲಿ 1815ರಲ್ಲಿ ಸ್ಥಾಪಿತವಾದ ಈ ಸಂಘಕ್ಕೆ ಹಣವು ಹೆಚ್ಚಾಗಿ ಆ ಪಟ್ಟಣದ ವರ್ತಕರಿಂದ ದೊರೆಯುತ್ತಿದ್ದರೆ, ಪ್ರಚಾರಕರು ಹೆಚ್ಚಾಗಿ ನೆರೆಯ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ರೈತರ ಮತ್ತು ಕೈಕಸುಬುಗಾರರ ಮಕ್ಕಳಾಗಿದ್ದರು. ಈಸ್ಟ್ ಇಂಡಿಯಾ ಕಂಪೆನಿಯ 1813ರ ಸನ್ನದು ಮಿಶನರಿಗಳಿಗೆ ಹಿಂದೂದೇಶದ ಬಾಗಿಲನ್ನು ತೆರೆಯಿತು; 1833ರ ಸನ್ನದು ಅದನ್ನು ಬ್ರಿಟಿಷರಲ್ಲದವರಿಗೂ ತೆರೆಯಿತು. ಆ ಮರುವರ್ಷವೇ ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಆಫ್ರಿಕಖಂಡವನ್ನು ಸುತ್ತಿಕೊಂಡು ಬರುವ ಹಡಗಿನಲ್ಲಿ ಪ್ರಯಾಣಮಾಡಿ, 1834ರ ಅಕ್ಟೋಬರ್ ತಿಂಗಳಲ್ಲಿ ಕಲ್ಲೀಕೋಟೆಯಲ್ಲಿಳಿದು, ಅದೇ ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, 1854ರಲ್ಲಿ ಉಡುಪಿ, ಹೀಗೆ ಅವರ ಠಾಣೆಗಳು ಒಂದೊಂದಾಗಿ ಏರ್ಪಟ್ಟವು.

ಇವರ ಗ್ರಾಮಸಂಚಾರದ ಕ್ರಮವು ಹೀಗಿದ್ದಿತು. ಮಳೆಗಾಲದಲ್ಲಿ ಠಾಣೆಯಲ್ಲಿದ್ದು ಮುನಶಿಯ ಬಳಿ ಭಾಷಾಭ್ಯಾಸ. ಮಳೆ ನಿಂತು ದಾರಿಗಳು ಒಣಗಿದ ಮೇಲೆ ಡೇರೆಯನ್ನೂ ಪುಸ್ತಕದ ಪೆಟ್ಟಿಗೆಯನ್ನೂ ಬಂಡಿಯ ಮೇಲೆ ಹೇರಿಕೊಂಡು ಹಳ್ಳಿಗಳಿಗೆ ಪ್ರಯಾಣ. ಸಂತೆಯ ದಿವಸ ಸಂತೆಯಲ್ಲಿ, ಜಾತ್ರೆಯ ಕಾಲದಲ್ಲಿ ತೇರಿನ ಬೀದಿಯ ತುದಿಯಲ್ಲಿ, ಉಳಿದ ದಿವಸಗಳಲ್ಲಿ ಚಾವಡಿಯ ಕಟ್ಟೆಯ ಮೇಲೆ ನಿಂತು ಅವರು ಉಪದೇಶಮಾಡುವರು. ಜನರು ಕೂಡುವುದಕ್ಕೇನೂ ಕೊರತೆಯಿರಲಿಲ್ಲ. ಕನ್ನಡ ಮಾತನಾಡುವ ಬಿಳಿಯ ಮನುಷ್ಯನನ್ನು ನೋಡುವುದೇ ಒಂದು ವಿನೋದವಾಗಿದ್ದ ಕಾಲವದು. ದಾಸರ, ಜಂಗಮರ, ಹರಿಕಥೆಯವರ ಸಂಚಾರವನ್ನು ಶತಮಾನಗಳಿಂದ ಕಂಡಿದ್ದ ಹಳ್ಳಿಗರು ಇವರನ್ನೂ ಆ ಸಾಲಿನಲ್ಲಿ ಸೇರಿಸಿ, ಕೇಳುವಷ್ಟು ಕೇಳಿ, ವಾದಿಸುವವರು ವಾದಿಸಿ, ಮನೆಗೆ ಹೋಗುತ್ತಿದ್ದರು. ಎಲ್ಲ ಮಾರ್ಗಗಳೂ ಒಂದೇ ಊರಿಗೆ ಸೇರುವುವೆಂದು ವಿನಯದಿಂದಲೇ ಹೇಳಿ ಎದ್ದುಹೋಗುವ ಗೌಡನಿಗೆ ಉತ್ತರ ಹೇಳುವುದು, ಕೋಪದಿಂದ ಜಗಳವಾಡುವ ಶಾಸ್ತ್ರಿಗೆ ಉತ್ತರ ಹೇಳುವುದಕ್ಕಿಂತ ಇವರಿಗೆ ಕಷ್ಟತರವಾಗಿದ್ದಿರಬೇಕು.

ಉತ್ತರದ ಬಯಲುಸೀಮೆಯಲ್ಲಿ ಇವರಿಗೆ ಮೊದಮೊದಲು ದೊರೆತ ಮಹತ್ತರವಾದ ಆಶೆಯೂ, ಅಷ್ಟೇ ಮಹತ್ತರವಾದ ನಿರಾಶೆಯೂ ಮಲಸಮುದ್ರವೆಂಬ ಊರಿನ ಹೆಸರಿನೊಡನೆ ಸೇರಿಕೊಂಡಿವೆ. ಈ ವೃತ್ತಾಂತಕ್ಕೆ ಸಲ್ಲಬೇಕಾದಷ್ಟು ಗಮನವು ಸಂದಂತೆ ತೋರುವುದಿಲ್ಲವಾದುದರಿಂದ ಇದನ್ನು ತುಸು ವಿಸ್ತಾರವಾಗಿ ಹೇಳುವುದು ಯುಕ್ತವು.

ವೀರಶೈವವಾಙ್ಮಯದಲ್ಲಿ ಕಾಲಜ್ಞಾನವೆಂಬ ಒಂದು ಪ್ರಕಾರವಿರುವುದು ಸುವಿದಿತವಾಗಿದೆ. ಕಲ್ಯಾಣವು ಹಾಳಾದುದು, ತುರುಕರ ಆಳಿಕೆ, ಮುಂದೆ ವೀರವಸಂತರಾಯನು ಬಂದು ಕಲ್ಯಾಣವನ್ನು ಮತ್ತೆ ಕಟ್ಟುವನೆಂಬ ಭವಿಷ್ಯ, ಇವು ಅದರ ಸಾಮಾನ್ಯವಾದ ವಸ್ತುಗಳು. ಈ ವಚನಗಳನ್ನು ಓಲೆಯಲ್ಲಿ ಬರೆದಿಟ್ಟುಕೊಂಡು, ಗುಟ್ಟಾಗಿ ಓದುತ್ತ, ಅವತಾರಪುರುಷನ ಆಗಮನವನ್ನು ನಿರೀಕ್ಷಿಸುತ್ತಿದ್ದ ಜನರು ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೂ ಇದ್ದರು. ಹುಬ್ಬಳ್ಳಿಯ ಠಾಣೆಯು ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಇವರ ಗುರುಗಳಲ್ಲಿ ಕೆಲವರು ಮಿಶನರಿಗಳ ಬಳಿಗೆ ಬಂದರು. ತಮ್ಮ ಗ್ರಂಥಗಳಲ್ಲಿ ಹೇಳಿರುವ ಕಾಲವು ಬಂದಿದೆಯೆಂದೂ, ಪಶ್ಚಿಮದಿಂದ ಬಂದ ಈ ಬೋಧಕರೇ ಆ ಭವಿಷ್ಯದಲ್ಲಿ ಸೂಚಿತರಾದವರಾಗಿರಬಹುದೆಂದೂ ಅವರು ತಿಳಿಸಿದರು. ಸಾವಿರಾರು ಜನರು ಒಟ್ಟಾಗಿ ಕ್ರೈಸ್ತಮತವನ್ನು ಸೇರುವರೆಂಬ ನಂಬಿಕೆಯು ಮಿಶನರಿಗಳಲ್ಲಿ ಬಲವಾಯಿತು.

ಸಾಧಾರಣವಾಗಿ ಸಂಶಯಶೀಲರಾದ ಈ ಜರ್ಮನರು ಇಷ್ಟು ಬೇಗ ನಂಬಿದುದೇಕೆಂಬ ಪ್ರಶ್ನೆಗೆ ಉತ್ತರವು ಧಾರವಾಡದಲ್ಲಲ್ಲ, ವ್ಯುರ್ಟೆಂಬರ್ಗಿನಲ್ಲಿ ದೊರೆಯುವುದು. ಆ ಪ್ರಾಂತದ ಭಕ್ತಸಮುದಾಯಗಳ ಮೇಲೆ 1752ರಲ್ಲಿ ತೀರಿಕೊಂಡ ಬೆಂಗೆಲ್ ಎಂಬ ವೇದಾಂತಪಂಡಿತನ ಪ್ರಭಾವವು ಅತ್ಯಧಿಕವಾಗಿದ್ದಿತು. ಬೈಬಲಿನ ಕೊನೆಯ ಗ್ರಂಥದ ಸಂಖ್ಯೆಗಳನ್ನು ಲೆಕ್ಕಹಾಕಿ ಆತನು 1836ನೆಯ ಇಸವಿಯಲ್ಲಿ ಧರ್ಮರಾಜ್ಯವು ಆರಂಭವಾಗುವುದೆಂದು ಗೊತ್ತುಮಾಡಿದ್ದನು. ಆ ವರ್ಷವು ಬಂದು ಹೋಯಿತು. ಲೆಕ್ಕವು ತಪ್ಪಿತು, ನಿರೀಕ್ಷೆಯು ಉಳಿಯಿತು. ಅದೇ ಪ್ರಾಂತದಲ್ಲಿ 1819ರಲ್ಲಿ ಕೋರ್ನ್‌ಟಾಲ್ ಎಂಬ ಭಕ್ತರ ಸ್ವತಂತ್ರವಾದ ಊರೊಂದು ಹುಟ್ಟಿದ್ದು, ಒಂದು ಗ್ರಾಮವೇ ಒಂದು ಸಭೆಯಾಗಿ ಬಾಳಬಹುದೆಂಬುದಕ್ಕೆ ಅದು ಕಣ್ಣೆದುರಿನ ನಿದರ್ಶನವಾಗಿತ್ತು. ಇಂತಹ ನಿರೀಕ್ಷೆಯ ಗಾಳಿಯಲ್ಲಿ ಬೆಳೆದು ಬಂದವರಿಗೆ ಹುಬ್ಬಳ್ಳಿಯಲ್ಲಿ ಕಾಲಜ್ಞಾನಿಗಳು ದೊರೆತರು. ಎರಡು ದೇಶಗಳ ಎರಡು ಕಾಲಜ್ಞಾನಗಳು ಒಂದನ್ನೊಂದು ಸಂಧಿಸಿದುವು. ಆದರೆ ಒಬ್ಬರು ಹೇಳಿದುದು ಇನ್ನೊಬ್ಬರಿಗೆ ಅವರವರ ಗ್ರಂಥದ ಅರ್ಥದಲ್ಲಿಯೇ ಕೇಳಿಸಿತು. ಕಾಲಜ್ಞಾನಿಗಳು ಕಲ್ಯಾಣದ ಪುನಃಸ್ಥಾಪನೆಯನ್ನು ಬಯಸಿದ್ದರು. ಹಿಂದಣ ಭಕ್ತಿಯನ್ನೂ ಕಟ್ಟುಕಟ್ಟಳೆಗಳನ್ನೂ ಬಿಟ್ಟು ಬೇರೊಂದು ಮತಕ್ಕೆ ಸೇರುವುದೆಂಬುದು ಅವರ ಮನಸ್ಸಿನಲ್ಲಿ ಇದ್ದಿರಲಾರದು.

ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ಸರಕಾರದಿಂದ ಭೂಮಿಯನ್ನು ಪಡೆದು ಮಿಶನ್ನಿನವರು ಬರಲಿರುವವರಿಗಾಗಿ ವಸತಿಯನ್ನು ಏರ್ಪಡಿಸತೊಡಗಿದರು. ಮತವನ್ನು ಬಿಟ್ಟು ಬಂದ ಒಕ್ಕಲಿಗನಿಗೆ ಅಲ್ಲಿ ಹೊಲವೂ ಮನೆಯೂ ದೊರೆಯಬೇಕು, ಆತನು ಒಕ್ಕಲುತನವನ್ನು ಬಿಡದೆಯೇ ಕ್ರೈಸ್ತನಾಗಿ ಬಾಳಬೇಕು ಎಂಬುದು ಉದ್ದೇಶ. ಉದ್ದೇಶವು ಉತ್ತಮವಾದುದೇ. ಆದರೆ ಕಾಲಜ್ಞಾನಿಗಳು ಬರಲಿಲ್ಲ. ದೀಕ್ಷೆಯೆಂದರೇನು, ಅದರಿಂದ ಕುಲಕ್ಕೆ ಏನಾಗುವುದು ಎಂಬುದು ತಿಳಿದೊಡನೆ ಗುರುಗಳು ಹಿಂದೆ ಸರಿದರು. ಶಿಷ್ಯರು ಗುರುಗಳನ್ನು ಅನುಸರಿಸಿದರು. ಉಳಿದವರು ಕೆಲವೇ ಕುಟುಂಬಗಳವರು. ಮಳೆಯನ್ನೇ ನಂಬಿದ ಎರೆಯ ಭೂಮಿಯ ಬೇಸಾಯವನ್ನು ದ್ರಾಕ್ಷಿಯ ತೋಟಗಳ ನಾಡಿನಿಂದ ಬಂದವರು ಮೇಲ್ವಿಚಾರಣೆ ಮಾಡಿದರೆ ಏನಾಗಬೇಕೋ ಅದೇ ಆಯಿತು. ಆ ಭೂಮಿಯು ಕ್ರೈಸ್ತಗ್ರಾಮವಾಗಿ ಬೆಳೆಯಲಿಲ್ಲ.

ಕರಾವಳಿಯಲ್ಲಿ ಪರಿಸ್ಥಿತಿಯು ಬೇರೆಯಾಗಿತ್ತು. ತುಳುವ ನಾಡಿನಲ್ಲಿ ಊರೆಂದರೆ ಬಯಲುಸೀಮೆಯಲ್ಲಿರುವಂತೆ ಒತ್ತಾಗಿ ಕಟ್ಟಿದ ಮನೆಗಳ ಸಾಲಲ್ಲ. ಗದ್ದೆಯ ಬದಿಗೊಂದು ಗುಡ್ಡದ ತಪ್ಪಲಿಗೊಂದು ಮನೆ. ಅಲ್ಲಿ ಮಿಶನ್ನಿನ ಬೋಧನೆಗೆ ಹೆಚ್ಚಾಗಿ ಕಿವಿಗೊಟ್ಟವರು ಬಿಲ್ಲವರು. ತೆಂಗು ತಾಳೆಗಳ ಮೂರ್ತೆಯೂ, ಭೂಮಿಯ ಒಡೆಯನ ಕೈಕೆಳಗೆ ಗೇಣಿಯ ಬೇಸಾಯವೂ, ಭೂತಸ್ಥಾನಗಳ ಪಾತ್ರಿತನವೂ ಅವರ ವೃತ್ತಿಗಳಾಗಿದ್ದುವು. ಮತಾಂತರದಿಂದ ಇವು ಮೂರೂ ಒಂದೇ ಕಾಲದಲ್ಲಿ ಕಡಿದುಹೋಗುತ್ತಿದ್ದ ರೀತಿಯನ್ನು ಗಮನಿಸಬೇಕು. ಭೂತಾರಾಧನೆಯು ಹೊಸ ಮತಕ್ಕೆ ವಿರುದ್ಧವಾದುದರಿಂದ ಪಾತ್ರಿತನವನ್ನು ತಾನೇ ಬಿಡಬೇಕು. ಕಳ್ಳಿನ ವ್ಯಾಪಾರವು ಕ್ರೈಸ್ತಸಭೆಯವನಿಗೆ ತಕ್ಕುದಲ್ಲವೆಂದು ಮಿಶನ್ನಿನವರೇ ನಿಯಮಿಸಿದುದರಿಂದ ಮೂರ್ತೆಯನ್ನೂ ಬಿಡಬೇಕು. ಇನ್ನು ಉಳಿದುದು ಗೇಣಿಯ ಭೂಮಿ. ಮೂಲಗೇಣಿಯವನಾದರೆ ಸ್ಥಿರವಾದ ಹಕ್ಕಿರುವುದು. ಆದರೆ ಬಡವರಲ್ಲಿ ಹೆಚ್ಚಿನವರು ಚಾಲಗೇಣಿಯವರು. ಒಡೆಯನು ಬೇಡವೆಂದರೆ ಚಾಲಗೇಣಿಯವನು ಗದ್ದೆಯನ್ನು ಬಿಟ್ಟು ಏಳಬೇಕು. ಊರ ಭೂತದ ನೇಮಕ್ಕೆ ಕೈಹಾಕದವನಿಗೆ ಭೂಮಿಯನ್ನು ಕೊಟ್ಟರೆ ಭೂತವು ಮುನಿಯುವುದೆಂದು ಒಡೆಯನು ನಂಬಿದ್ದರೆ, ಆ ನಂಬಿಕೆಯಲ್ಲಿ ಆತನಿಗೆ ದ್ವೇಷವೇ ಇರಬೇಕೆಂದಿಲ್ಲ.

ಕುಟುಂಬದ ಆಸ್ತಿಯಾದರೂ ಕೈಗೆ ಸಿಕ್ಕುತ್ತಿತ್ತೇ ಎಂದರೆ ಅದೂ ದುರ್ಲಭವಾಗಿತ್ತು. ಪತಿತನಾದವನಿಗೆ ದಾಯಭಾಗವಿಲ್ಲವೆಂಬುದು ಸ್ಮೃತಿಕಾರರ ಮತವು. ಕಂಪೆನಿಯ ಸರಕಾರವು 1850ರಲ್ಲಿ ಮಾಡಿದ 21ನೆಯ ಶಾಸನವು ಮತವನ್ನು ಬಿಟ್ಟ ಮಾತ್ರಕ್ಕೆ ದಾಯದ ಹಕ್ಕು ಹೋಗತಕ್ಕದ್ದಲ್ಲವೆಂದು ವಿಧಿಸಿತು. ಆದರೆ ಬಿಲ್ಲವರಲ್ಲಿ ನಡೆಯುತ್ತಿದ್ದುದು ಅಳಿಯಸಂತಾನದ ಕಟ್ಟು. ಅಲ್ಲಿ ಆಸ್ತಿಯು ತಾಯಿಯ ಕಡೆಯ ಕುಟುಂಬದ ಅವಿಭಕ್ತವಾದ ಸ್ವತ್ತು. ಮತಾಂತರ ಹೊಂದಿದ ಗಂಡಸಿನ ಹೆಂಡತಿ ಮಕ್ಕಳು ಆತನ ಕುಟುಂಬಕ್ಕೆ ಸೇರಿದವರೇ ಅಲ್ಲ. ಶಾಸನವು ಹಕ್ಕನ್ನು ಕೊಟ್ಟರೂ, ಆ ಹಕ್ಕಿನಿಂದ ಇಂತಹವನ ಮಕ್ಕಳಿಗೆ ಹೊಟ್ಟೆ ತುಂಬುವಂತಿರಲಿಲ್ಲ. ಬಯಲುಸೀಮೆಯ ಹಳ್ಳಿಗಳಲ್ಲಂತೂ ಬಾವಿಯ ನೀರು, ಅಗಸನ ಕೈ, ಕ್ಷೌರಿಕನ ಕೈ ಇವು ತಪ್ಪುವುದೇ ಮೊದಲ ದಂಡನೆಯಾಗಿತ್ತು. ಆಯಗಾರರಲ್ಲೊಬ್ಬನು ಮತವನ್ನು ಬಿಟ್ಟರೆ ಕಣದಲ್ಲಿ ಆತನಿಗೆ ಬರಬೇಕಾದ ಆಯವನ್ನು ಕೇಳುವ ಬಾಯಿಯೂ ಇಲ್ಲದಂತಾಗುತ್ತಿತ್ತು.

ಹೀಗೆ ಮನೆಬಿಟ್ಟು ಬಂದವರೆಲ್ಲರೂ ಸೇರಿದುದು ಮಿಶನ್ನಿನ ಆವರಣಕ್ಕೆ. ಮಂಗಳೂರಿನಲ್ಲಿ ಕಲೆಕ್ಟರನಾದ ಬ್ಲೇರ್ ಎಂಬವನು ಕೊಟ್ಟ ಬಲ್ಮಠದ ಗುಡ್ಡದ ಮೇಲೆ ಪಾಠಶಾಲೆಯೂ ವಿದ್ಯಾರ್ಥಿನಿಲಯವೂ ಎದ್ದವು. ಆದರೆ ಶಾಲೆಯಿಂದ ವಯಸ್ಸಾದ ಒಕ್ಕಲಿಗನಿಗೆ ಅನ್ನವು ದೊರೆಯದಷ್ಟೆ. ಧರ್ಮಕ್ಕೆ ಅನ್ನವನ್ನು ಹಾಕುತ್ತ ಹೋದರೆ ಅನ್ನಕ್ಕಾಗಿಯೇ ಬರುವವರ ಸಂಖ್ಯೆಯು ಬೆಳೆಯುವುದೆಂಬ ಭಯವು ಮಿಶನರಿಗಳಿಗೆ ಮೊದಲಿನಿಂದಲೂ ಇದ್ದಿತು. ಮಠದ ದಾಸೋಹಕ್ಕೂ ದೇವಸ್ಥಾನದ ಅನ್ನಸತ್ರಕ್ಕೂ ಒಗ್ಗಿದ ನಮ್ಮ ಜನರಿಗೆ ಈ ಭಯವು ವಿಚಿತ್ರವಾಗಿ ಕಾಣಬಹುದು. ದುಡಿಯದವನು ಉಣ್ಣಬಾರದೆಂಬ ಕಠಿನವಾದ ನಿಯಮದಲ್ಲಿ ಬೆಳೆದವರು ಅವರು. ಆದುದರಿಂದ ದಾನದ ಬದಲು ಕೆಲಸವನ್ನು ಕೊಡಬೇಕೆಂದು ನಿಶ್ಚಯಿಸಿ, ಮರಗೆಲಸ, ಗಡಿಯಾರದ ಕೆಲಸ ಎಂದು ಒಂದೊಂದನ್ನೇ ಪ್ರಯೋಗಿಸಿ ನೋಡಿದರು. ಹಳ್ಳಿಗರು ಸೂರ್ಯನನ್ನು ನೋಡಿ ಹೊತ್ತನ್ನರಿಯುತ್ತಿದ್ದ ನಾಡಿನಲ್ಲಿ ಗಡಿಯಾರದ ಕೆಲಸವು ನಿಲ್ಲದಿದ್ದುದು ಆಶ್ಚರ್ಯವಲ್ಲ.

ನಿಂತುದು ಮಗ್ಗವು. 1851ರಲ್ಲಿ ಹಾಲರ್ ಎಂಬ ನೆಯ್ಗೆಯವನು ಮಂಗಳೂರಿಗೆ ಬಂದು ಯುರೋಪಿನ ಮಾದರಿಯ, ಹಗ್ಗವನ್ನೆಳೆದರೆ ಲಾಳಿಯು ತಾನೇ ಓಡುವ ಮಗ್ಗಗಳನ್ನು ಹೂಡಿದನು. ಕೈಯಿಂದ ಲಾಳಿಯನ್ನು ಎಸೆಯುವ ನಮ್ಮ ಮಗ್ಗಕ್ಕಿಂತ ಇದರಲ್ಲಿ ಅರಿವೆಯು ಅಗಲವಾಗಿಯೂ ಬೇಗನೆಯೂ ಬರುತ್ತಿತ್ತು. ಖಾಕಿ ಬಣ್ಣವು ಮೊದಲು ಸಿದ್ಧವಾದುದು ಈ ಹಾಲರನ ಕೈಯಲ್ಲೇ ಎಂಬ ಪ್ರತೀತಿಯು ಕರಾವಳಿಯಲ್ಲಿ ಬಲವಾಗಿದೆ. ಕಣ್ಣಾನೂರು ಕಲ್ಲೀಕೋಟೆಗಳಲ್ಲಿಯೂ ನೆಯ್ಗೆಯ ಶಾಲೆಗಳು ಹುಟ್ಟಿ ಆ ಬಟ್ಟೆಗೆ ದೂರದೂರದಲ್ಲಿ ಗಿರಾಕಿಯುಂಟಾಯಿತು. ಇಂತಹ ಕೆಲಸಗಳ ಮೇಲ್ವಿಚಾರಣೆಗೆ ಬಾಸೆಲಿನಲ್ಲಿ 1850ರ ದಶಕದಲ್ಲಿ ಪ್ರತ್ಯೇಕವಾದ ಕೈಗಾರಿಕಾ ಮಂಡಲಿಯೊಂದೂ, 1859ರಲ್ಲಿ ವ್ಯಾಪಾರದ ಕಂಪೆನಿಯೊಂದೂ ಏರ್ಪಟ್ಟವು.

ಹಂಚಿನ ಕೆಲಸದ ವೃತ್ತಾಂತವು ಇನ್ನೂ ಸ್ವಾರಸ್ಯವಾದುದು. ಪ್ಲೆಬ್ಸ್ಟ್ ಎಂಬವನು 1851ರಲ್ಲಿ ಬಂದುದು ಮುದ್ರಣದ ಕೆಲಸಕ್ಕೆ. ಮಂಗಳೂರಿನಲ್ಲಿ 1841ರಿಂದ ಇದ್ದ ಕಲ್ಲಚ್ಚಿನ ಯಂತ್ರದ ಜೊತೆಗೆ ಸೀಸದ ಮೊಳೆಗಳ ಮುದ್ರಣವು ನೆಲೆಗೊಂಡುದು ಈತನ ಕೈಯಲ್ಲಿ. ನೇತ್ರಾವತಿಯ ದಂಡೆಯ ಜೇಡಿಮಣ್ಣಿನ ಗುಣವನ್ನು ಪರೀಕ್ಷಿಸಿ, ಒಂದರ ಅಂಚು ಇನ್ನೊಂದರಲ್ಲಿ ಕೂಡುವ ಚಪ್ಪಟೆಯಾದ ಹಂಚನ್ನು ಅಚ್ಚಿನಲ್ಲೊತ್ತಿ ಸುಡುವ ಕಾರ್ಖಾನೆಯನ್ನು 1865ರಲ್ಲಿ ಜೆಪ್ಪುವಿನಲ್ಲಿ ಸ್ಥಾಪಿಸಿದವನೂ ಈತನೇ. ವರ್ಷವರ್ಷವೂ ಮುಳಿಹುಲ್ಲಿನಿಂದಲೋ ತೆಂಗಿನ ಗರಿಯಿಂದಲೋ ಮನೆಯನ್ನು ಹೊದಿಸಬೇಕಾಗಿದ್ದ, ಬೇಸಗೆಯಲ್ಲಿ ಒಂದು ಕಿಡಿಗೆ ಕೇರಿಯೇ ಉರಿದುಹೋಗುತ್ತಿದ್ದ ಕರಾವಳಿಗೆ ಈ ಹಂಚು ಉಪಕಾರಕವಾಯಿತು. ಕುಂಬಾರನ ತಿಗರಿಯಲ್ಲಿ ಹುಟ್ಟುತ್ತಿದ್ದ ನಾಡ ಹಂಚು ಇದರ ಮುಂದೆ ನಿಲ್ಲಲಾರದೆ ಹೋಯಿತೆಂಬುದನ್ನೂ ಹೇಳಬೇಕು; ಒಬ್ಬನ ವೃತ್ತಿಗಾಗಿ ಹುಟ್ಟಿದ ಕಾರ್ಖಾನೆಯು ಮತ್ತೊಬ್ಬನ ವೃತ್ತಿಯನ್ನು ಕುಗ್ಗಿಸಿತು. ಊರಿನ ವರ್ತಕರೂ ಬೇಗನೆಯೇ ಈ ವ್ಯವಸಾಯವನ್ನು ಕಲಿತು ತಮ್ಮ ಕಾರ್ಖಾನೆಗಳನ್ನು ಹಾಕಿದರು. 'ಮಂಗಳೂರು ಹಂಚು' ಎಂಬ ಹೆಸರು ಮಿಶನ್ನಿನ ಹೆಸರನ್ನು ಹಿಂದಿಕ್ಕಿ ಸಮುದ್ರದಾಚೆಗೂ ಹೋಯಿತು.

ಈ ಕಾರ್ಖಾನೆಗಳು ಸಭೆಯವರ ಬಾಳಿನ ರೀತಿಯನ್ನೇ ಮಾರ್ಪಡಿಸಿದವು. ಬಿತ್ತನೆ ಕುಯ್ಲುಗಳನ್ನನುಸರಿಸಿ ದುಡಿಯುತ್ತಿದ್ದವನು ಈಗ ಗಂಟೆಯ ಸದ್ದಿಗೆ ಏಳಬೇಕಾಯಿತು; ಪ್ರಾರ್ಥನೆಯಿಂದ ಕೆಲಸದ ಆರಂಭ, ಆದಿತ್ಯವಾರ ವಿರಾಮ, ಧಾನ್ಯದ ಬದಲು ನಾಣ್ಯದಲ್ಲಿ ಕೂಲಿ. ಅವನನ್ನು ಕೆಲಸಕ್ಕಿಟ್ಟುಕೊಂಡವರೂ ಅವನ ಸಭೆಯ ಗುರುಗಳೂ ಒಂದೇ ಸಂಘದವರು. ಕೂಲಿಯ ವಿಷಯದಲ್ಲಿ ಅಸಮಾಧಾನವಾದರೆ ಹೋಗಿ ಹೇಳಿಕೊಳ್ಳುವುದಕ್ಕೆ ಬೇರೊಬ್ಬ ಹಿರಿಯನಿಲ್ಲ; ಸಭೆಯ ಶಿಸ್ತನ್ನು ಮೀರಿದರೆ ಕೆಲಸಕ್ಕೂ ಕುಂದು. ಹಳ್ಳಿಯಲ್ಲಿ ಒಡೆಯನಿದ್ದನು, ಗುತ್ತಿನವರಿದ್ದರು, ಭೂತಸ್ಥಾನದ ಕೂಟವಿದ್ದಿತು, ಕುಟುಂಬದ ಯಜಮಾನನಿದ್ದನು. ಒಬ್ಬನು ಕೈಬಿಟ್ಟರೆ ಮತ್ತೊಬ್ಬನ ಮೊರೆಹೋಗಬಹುದಾಗಿತ್ತು. ಇಲ್ಲಿ ಅವೆಲ್ಲವೂ ಒಂದೇ ಕಡೆಯಲ್ಲಿ ಕೂಡಿದ್ದವು. ಮಿಶನ್ನಿನವರು ದುರಾಶೆಯಿಂದ ಹೀಗೆ ಮಾಡಿದರೆನ್ನುವುದು ಅನ್ಯಾಯವಾದೀತು; ಆದರೆ ಪರಿಣಾಮವು ಉದ್ದೇಶವನ್ನು ಕೇಳಿ ನಡೆಯುವುದಿಲ್ಲ. ಇದರ ಇನ್ನೊಂದು ಮುಖವೂ ಇರುವುದು. ಹಳ್ಳಿಯಲ್ಲಿ ಮೇಲಿನವರ ಅಂಗಳವನ್ನು ತುಳಿಯಲಾರದವನ ಮಗನು ಇಲ್ಲಿ ಓದುಬರಹವನ್ನು ಕಲಿತು, ಅಚ್ಚುಮೊಳೆ ಜೋಡಿಸುವವನೋ ಉಪಾಧ್ಯಾಯನೋ ಲೆಕ್ಕದ ಗುಮಾಸ್ತನೋ ಆದನು. ಮಗಳು ಶಾಲೆಗೆ ಹೋದಳು. ಬೇರೆಬೇರೆ ಜಾತಿಗಳಿಂದ ಬಂದವರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು.

ಗ್ರಾಮವನ್ನು ಬಿಡಿಸದೆ ಗ್ರಾಮಸ್ಥನಿಗೆ ನೆಲೆಯನ್ನು ಕಲ್ಪಿಸಬೇಕೆಂಬ ಯತ್ನವು ಮತ್ತೊಮ್ಮೆ ನಡೆದುದು ಕೊಡಗಿನಲ್ಲಿ. ಅದರ ಮೂಲಕ್ಕೆ ಆಲ್ಮಂಡ ಸೋಮಯ್ಯನೆಂಬ ಕೊಡವ ಗೃಹಸ್ಥನು ಕಾರಣನಾದನು. ವೈರಾಗ್ಯದಿಂದ ಮನೆಯನ್ನು ಬಿಟ್ಟು ತಿರುಗುತ್ತಿದ್ದ ಈತನು ಮಂಗಳೂರಿನಲ್ಲಿ ಮೋಗ್ಲಿಂಗರನ್ನು ಕಂಡು 1853ರಲ್ಲಿ ಕ್ರೈಸ್ತದೀಕ್ಷೆಯನ್ನು ಹೊಂದಿದನು. ಈತನನ್ನು ಮಂಗಳೂರಿನ ಆವರಣದಲ್ಲಿರಿಸಿಕೊಳ್ಳದೆ ಆತನ ಮನೆಗೇ ಹಿಂದಿರುಗಿಸಬೇಕೆಂದು ಮೋಗ್ಲಿಂಗರು ಸಂಕಲ್ಪಿಸಿ, ತಾವೂ ಜೊತೆಯಲ್ಲಿ ಹೋಗಿ ಕೊಡಗಿನಲ್ಲಿ ನಿಂತರು. ಹದಿನೇಳು ವರ್ಷಗಳ ಅನುಭವದಿಂದ ಆ ವಿದ್ವಾಂಸರು ಕಲಿತ ಪಾಠವು ಈ ಒಂದು ನಡತೆಯಲ್ಲಿ ವ್ಯಕ್ತವಾಗುವುದು. 1855ರಲ್ಲಿ ಅವರು ಪ್ರಕಟಿಸಿದ ಕೊಡಗಿನ ವೃತ್ತಾಂತವು ಆ ನಾಡಿನ ಚರಿತ್ರೆಯ ಅಭ್ಯಾಸಕ್ಕೆ ಪ್ರಮಾಣಗ್ರಂಥಗಳಲ್ಲೊಂದಾಗಿದೆ.

ಕೊಡವರಲ್ಲಿ ಹೆಚ್ಚು ಜನರು ಈ ಮತವನ್ನು ಸೇರಲಿಲ್ಲ. ಸೇರಿದವರು ಹೊಲೆಯರೆಂದು ಕರೆಯಲ್ಪಡುತ್ತ, ಕೊಡವರ ಜಮ್ಮದ ಭೂಮಿಗಳಲ್ಲಿ ತಲತಲಾಂತರದಿಂದ ಜೀತಕ್ಕಿದ್ದ ಜನರು. ಜೀತದಾಳಿನ ಮೇಲಣ ಒಡೆತನವನ್ನು ನ್ಯಾಯಸ್ಥಾನಗಳು ಮನ್ನಿಸಕೂಡದೆಂದು 1843ರ 5ನೆಯ ಶಾಸನವು ವಿಧಿಸಿದ್ದಿತು. ಆದರೆ ಶಾಸನವನ್ನು ಓದಬಲ್ಲ ಜೀತದಾಳು ಯಾರು? ಒಡೆಯನನ್ನು ಬಿಟ್ಟು ಹೋದರೆ ನಿಲ್ಲುವುದಕ್ಕೆ ಮತ್ತೊಂದು ಅಂಗೈಯಗಲದ ನೆಲವೆಲ್ಲಿ? ಈ ನೆಲವನ್ನು ಒದಗಿಸಿದುದು ಆನಂದಪುರವು. 1850ರ ದಶಕದ ಉತ್ತರಾರ್ಧದಲ್ಲಿ ಹುಟ್ಟಿದ ಈ ಊರಿಗೆ ಆಧಾರವಾಗಿದ್ದವರು ಆನಂದರಾವ್ ಕೌಂಡಿನ್ಯರು. ಇವರು ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಮಿಶನ್ನಿನ ಇಂಗ್ಲಿಷು ಶಾಲೆಯಲ್ಲಿ ಓದಿ, 1844ರ ಜನವರಿಯಲ್ಲಿ ಇನ್ನಿಬ್ಬರೊಡನೆ ಮತಾಂತರ ಹೊಂದಿದವರು. ಆ ದಿನಗಳಲ್ಲಿ ಮಂಗಳೂರಿನಲ್ಲಿ ಎದ್ದ ಕ್ಷೋಭೆಯು ಸಣ್ಣದಲ್ಲ. ಬಳಿಕ ಬಾಸೆಲಿಗೆ ಹೋಗಿ ಅಭ್ಯಾಸಮಾಡಿ, 1851ರಲ್ಲಿ ಗುರುಪಟ್ಟವನ್ನು ಪಡೆದು ಸ್ವದೇಶಕ್ಕೆ ಮರಳಿದರು. ಅಗ್ರಜಾತಿಯಲ್ಲಿ ಹುಟ್ಟಿದ ಇಂತಹವರು ಕಾಡನ್ನು ಕಡಿದು ಜೀತದಾಳುಗಳೊಡನೆ ಊರು ಕಟ್ಟಿ ಅವರ ಮಧ್ಯದಲ್ಲಿ ನೆಲಸಿದುದನ್ನು, ಅವರ ಮತಾಂತರವನ್ನು ಒಪ್ಪದವರೂ ತೂಗಿನೋಡಬೇಕು. ಆ ಕಾಲದಲ್ಲಿ ಕೊಡಗಿನಲ್ಲಿ ಕಾಫಿಯ ತೋಟಗಳು ಹೊಸದಾಗಿ ಹರಡುತ್ತಿದ್ದುವು, ಕೂಲಿಗೆ ಬೆಲೆಯಿದ್ದಿತು. ಮಲಸಮುದ್ರದಲ್ಲಿ ಕೈಗೂಡದುದು ಆನಂದಪುರದಲ್ಲಿ ಕೈಗೂಡಿದುದಕ್ಕೆ ಇದೇ ಮುಖ್ಯವಾದ ಕಾರಣವೆಂದು ತೋರುವುದು. ಮಲಸಮುದ್ರಕ್ಕೆ ಬರಬೇಕಾಗಿದ್ದವರಿಗೆ ಕಳೆದುಕೊಳ್ಳುವುದಕ್ಕೆ ಹೊಲಮನೆಗಳಿದ್ದುವು; ಆನಂದಪುರಕ್ಕೆ ಬಂದವರಿಗೆ ಕಳೆದುಕೊಳ್ಳುವುದಕ್ಕೆ ಜೀತವೊಂದೇ ಇದ್ದಿತು. ಮೋಗ್ಲಿಂಗರು ಪತ್ನಿಯ ಅನಾರೋಗ್ಯದ ಕಾರಣದಿಂದ 1860ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಮೇಲೂ ಕೌಂಡಿನ್ಯರು ಮಿಶನ್ನಿನ ಕೆಲಸದಲ್ಲಿಯೇ ಬಾಳನ್ನು ಸವೆಸಿ 1893ರಲ್ಲಿ ಗತಿಸಿದರು.

ಭಾಷೆಯ ವಿಷಯವನ್ನು ಇಲ್ಲಿ ಬೇರೆಯಾಗಿ ಹೇಳಬೇಕಾದ ಅಗತ್ಯವಿಲ್ಲದಿದ್ದರೂ, ಅದು ಗ್ರಾಮಸೇವೆಯಿಂದ ಬೇರೆಯಾದುದಲ್ಲವೆಂಬುದನ್ನು ಮರೆಯಬಾರದು. ಗ್ರೈನರ್ ಮತ್ತು ಅಮ್ಮನ್ ಎಂಬವರು ತುಳುವಿಗೆ ತಂದ ಹೊಸ ಒಡಂಬಡಿಕೆಯು 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಬ್ರಿಗೆಲರ ತುಳು ವ್ಯಾಕರಣವು 1872ರಲ್ಲಿಯೂ ಮ್ಯಾನರರ ತುಳು ನಿಘಂಟು 1886ರಲ್ಲಿಯೂ ಹೊರಬಂದುವು. ವಿದ್ವಾಂಸರು ಗ್ರಂಥಭಾಷೆಯೆಂದು ಮನ್ನಿಸದಿದ್ದ ನುಡಿಗೆ ವ್ಯಾಕರಣವು ಹುಟ್ಟಿದುದು, ಬಿಲ್ಲವನ ಅಂಗಳದಲ್ಲಿ ಆತನಿಗೆ ತಿಳಿಯುವಂತೆ ಮಾತನಾಡಬೇಕೆಂಬ ಆವಶ್ಯಕತೆಯಿಂದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಪಂಪ ಕೇಶಿರಾಜರ ಶಬ್ದಗಳ ಬದಿಯಲ್ಲಿಯೇ ಹಳ್ಳಿಯ ಗಾದೆಗಳೂ ಬೇಸಾಯದ ಮಾತುಗಳೂ ಕುಳಿತಿರುವುದಕ್ಕೂ ಇದೇ ಮೂಲವು. ಕಿಟ್ಟೆಲರ ವ್ಯಾಸಂಗಾಸಕ್ತಿಯು ಅವರ ಜೊತೆಯವರಲ್ಲಿ ಕೆಲವರಿಗೆ ರುಚಿಸದಿದ್ದುದೂ ಉಂಟು. ಅವರ ದೃಷ್ಟಿಯಲ್ಲಿ ಪ್ರಚಾರಕನ ಸ್ಥಾನವು ಓಲೆಗರಿಗಳ ನಡುವೆಯಲ್ಲ, ಸಂತೆಯಲ್ಲಿ.

1876ರಿಂದ 1878ರ ವರೆಗಿನ ಮಹಾಕ್ಷಾಮವು ಬಯಲುಸೀಮೆಯ ಠಾಣೆಗಳ ಸ್ವರೂಪವನ್ನು ಬದಲಿಸಿತು. ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಕೆರೆಬಾವಿಗಳು ಬತ್ತಿ, ದನಗಳು ಸತ್ತು, ಹಳ್ಳಿಗಳು ಬರಿದಾದುವು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಶನ್ನಿನ ಅನಾಥಾಲಯಗಳು ಸೇರಿಸಿಕೊಂಡವು. ಈ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು. ಇದು ಆಪತ್ಕಾಲದ ಲಾಭವೆಂದು ಆಕ್ಷೇಪಿಸಿದವರು ಆಗಲೂ ಇದ್ದರು, ಅನಂತರವೂ ಇದ್ದಾರೆ. ಆಕ್ಷೇಪವು ಸರ್ವಥಾ ನಿರಾಧಾರವಲ್ಲ. ಆದರೆ ಆ ಮಕ್ಕಳನ್ನು ಎತ್ತಿಕೊಳ್ಳುವುದಕ್ಕೆ ಅಂದು ಎಷ್ಟು ಮಠಗಳ ಬಾಗಿಲುಗಳು ತೆರೆದಿದ್ದುವೆಂಬ ಪ್ರಶ್ನೆಯನ್ನೂ ಅದೇ ಉಸಿರಿನಲ್ಲಿ ಕೇಳಬೇಕಾಗುವುದು.

1914ರಲ್ಲಿ ಯುರೋಪಿನ ಯುದ್ಧವು ಆರಂಭವಾದಾಗ, ಎಂಭತ್ತು ವರ್ಷಗಳಲ್ಲಿ ಕಟ್ಟಿದ ಈ ವ್ಯವಸ್ಥೆಯ ತಳಹದಿಯು ಎಷ್ಟು ಪರಾಧೀನವಾಗಿತ್ತೆಂಬುದು ಬಯಲಾಯಿತು. ಜರ್ಮನರಾದ ಮಿಶನರಿಗಳು ಶತ್ರುದೇಶದ ಪ್ರಜೆಗಳೆಂದು ಗಣಿಸಲ್ಪಟ್ಟು, ಹಲವರು ಅಹಮದ್‌ನಗರದ ಬಂದೀಶಿಬಿರದಲ್ಲಿರಿಸಲ್ಪಟ್ಟು, ಕೊನೆಗೆ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಹಂಚಿನ ಮತ್ತು ನೆಯ್ಗೆಯ ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶವಾದುವು. ಕೆಲಸವನ್ನು ಕೊಡುವ ಸಂಸ್ಥೆಯು ಬೇರೆ, ಸಭೆಯು ಬೇರೆ ಎಂಬ ಸ್ಥಿತಿಯು ಹೀಗೆ ಯಾರ ಆಲೋಚನೆಯಿಂದಲೂ ಅಲ್ಲದೆ ಯುದ್ಧದ ಬಲಾತ್ಕಾರದಿಂದ ಒದಗಿತು. ಸಭೆಗಳ ಭಾರವು ನಾಡಿನ ಗುರುಗಳ ಮತ್ತು ಹಿರಿಯರ ಹೆಗಲಿಗೆ ಬಂದಿತು. ಅವರು ಅದನ್ನು ಹೊತ್ತರು. 1947ರಲ್ಲಿ ದಕ್ಷಿಣಭಾರತದ ಐಕ್ಯಸಭೆಯು ರೂಪುಗೊಂಡಾಗ ಕರಾವಳಿಯ ಸಭೆಗಳು ಅದರೊಳಗೆ ಸೇರಿದುವು.

ಯುದ್ಧದ ಬಳಿಕ ಸ್ವಿಸ್ ಜನರಾದ ಮಿಶನರಿಗಳು ಮತ್ತೆ ಬಂದಾಗ ಅವರು ಹಿಂದಿನಂತೆ ಕಾರ್ಖಾನೆಗಳ ಯಜಮಾನರಾಗಿ ಬರಲಿಲ್ಲ. ಈವಾ ಲೋಂಬಾರ್ಡ್ ಎಂಬ ವೈದ್ಯೆಯು 1923ರ ಜೂನ್ ತಿಂಗಳಲ್ಲಿ ಉಡುಪಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಚಿಕಿತ್ಸೆಮಾಡುವ ಆಸ್ಪತ್ರೆಯನ್ನು ತೆರೆದಳು. ಹೆರಿಗೆಗೆ ಗಂಡಸು ವೈದ್ಯನ ಬಳಿಗೆ ಹೋಗಲೊಲ್ಲದ ಹಳ್ಳಿಯ ಹೆಂಗಸರಿಗೆ ಅದೊಂದು ಬಾಗಿಲಾಯಿತು. ಆಸ್ಪತ್ರೆಗೆ ಬಂದವಳು ಮತವನ್ನಾಗಲಿ ಮನೆಯನ್ನಾಗಲಿ ಬಿಡಬೇಕಾಗಿರಲಿಲ್ಲ. ಕೂಸನ್ನೆತ್ತಿಕೊಂಡು ತನ್ನ ಊರಿಗೇ ಹಿಂದಿರುಗುತ್ತಿದ್ದಳು. ಆ ಆಸ್ಪತ್ರೆಯು ಆಕೆಯ ಹೆಸರಿನಿಂದ ಉಡುಪಿಯಲ್ಲಿ ನಡೆದುಕೊಂಡು ಬಂದಿದೆ.